ಕಾಲಿನ ಹೊಲಿಗೆ ಯಂತ್ರ: ಬಿಡಿಭಾಗಗಳಲ್ಲಿ ಉಳಿದಿರುವ ಚರಿತ್ರೆ

ಗಡಿನಾಡಿನ ನಮ್ಮ ಊರುಗಳಲ್ಲಿ ಚರಿತ್ರೆಯನ್ನು ಅರಸುವವರು ಶಾಸನಗಳನ್ನೂ ವೀರಗಲ್ಲುಗಳನ್ನೂ ಹಳೆಯ ದಫ್ತರಗಳನ್ನೂ ನೋಡುವುದು ವಾಡಿಕೆ. ಪಡಸಾಲೆಯ ಮೂಲೆಯಲ್ಲಿ ಮುಸುಕು ಹೊದ್ದು ನಿಂತಿರುವ ಕಾಲಿನ ಹೊಲಿಗೆ ಯಂತ್ರದತ್ತ ಯಾರ ದೃಷ್ಟಿಯೂ ಹರಿಯುವುದಿಲ್ಲ. ಆದರೆ ಅದರ ಮೈಮೇಲೆಯೂ ಅಕ್ಷರಗಳಿವೆ, ಅಂಕಿಗಳಿವೆ. ಅದು ಯಾವ ದೇಶದಲ್ಲಿ, ಯಾವ ಕಾಲದಲ್ಲಿ ತಯಾರಾಯಿತೆಂಬುದನ್ನು ಅವು ಹೇಳುತ್ತವೆ. ಆ ಬರಹವನ್ನು ಓದಬಲ್ಲವರು ವಿರಳವಾದುದರಿಂದ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಗಳಲ್ಲಿ ಎಷ್ಟೋ ಯಂತ್ರಗಳು ತೂಕದ ಲೆಕ್ಕದಲ್ಲಿ ಭಂಗಾರದ ಅಂಗಡಿ ಸೇರಿವೆ. ಅವು ಕೆಟ್ಟುಹೋಗಿದ್ದವೆಂದಲ್ಲ, ಒಂದು ಶಟಲ್ಲೋ ಬಾಬಿನ್ ಕೇಸೋ ದೊರೆಯಲಿಲ್ಲವೆಂಬುದಷ್ಟೇ ಕಾರಣ. "ಇದರ ಭಾಗ ಈಗ ಸಿಗುವುದಿಲ್ಲ" ಎಂಬ ಮಾತು ಬಹುಮಟ್ಟಿಗೆ ನಿಜವಲ್ಲ. ಏಕೆ ನಿಜವಲ್ಲವೆಂಬುದಕ್ಕೆ ಉತ್ತರ ಈ ಯಂತ್ರದ ಚರಿತ್ರೆಯಲ್ಲಿಯೇ ಇದೆ.

ಹೊಲಿಗೆ ನಮ್ಮ ನಾಡಿಗೆ ಹೊಸದಲ್ಲ. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬುವರಿದ್ದರು. ಸೂಜಿಯೂ ಕಾಯಕದ ಗೌರವ ಪಡೆದಿತ್ತೆಂಬುದಕ್ಕೆ ಆ ಹೆಸರೇ ಸಾಕ್ಷಿ. ಆದರೂ ಸೀರೆ, ಧೋತರ, ರುಮಾಲುಗಳು ಕತ್ತರಿ ಕಾಣದ ಉಡುಪುಗಳು. ಅಂಗಿ, ಖಣದ ಕುಬಸ, ಮಗುವಿನ ಕುಂಚಿಗೆ, ಹಾಸಿ ಹೊದೆಯುವ ಕೌದಿ ಇವೆಲ್ಲ ಕೈಹೊಲಿಗೆಯಲ್ಲಿ ಸಿದ್ಧವಾಗುತ್ತಿದ್ದವು. ಕೌದಿಯು ಇಂದಿಗೂ ಕೈಸೂಜಿಯನ್ನು ಬಿಟ್ಟಿಲ್ಲ. ಉಳಿದವು ಯಂತ್ರದ ಪಾಲಾದವು.

ಆ ಯಂತ್ರದ ಹುಟ್ಟು ಸುಲಭದ್ದಾಗಿರಲಿಲ್ಲ. ಫ್ರಾನ್ಸಿನ ದರ್ಜಿ ಬಾರ್ಥೆಲೆಮಿ ತಿಮೊನಿಯೆ 1830ರಲ್ಲಿ ತನ್ನ ಹೊಲಿಗೆ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಪ್ಯಾರಿಸಿನಲ್ಲಿ ಸುಮಾರು 80 ಯಂತ್ರಗಳನ್ನಿಟ್ಟು ಸೈನಿಕರ ಸಮವಸ್ತ್ರ ಹೊಲಿಸುತ್ತಿದ್ದಾಗ, ತಮ್ಮ ಅನ್ನಕ್ಕೆ ಕುತ್ತು ಬಂದಿತೆಂದು ಅಲ್ಲಿನ ದರ್ಜಿಗಳು ಅವುಗಳನ್ನು ಒಡೆದು ಹಾಕಿದರು. ಅಮೆರಿಕೆಯ ಎಲಿಯಾಸ್ ಹೋವ್ 1846ರಲ್ಲಿ ಪಡೆದ ಹಕ್ಕುಪತ್ರದಲ್ಲಿ ತುದಿಯ ಬಳಿ ಕಣ್ಣಿರುವ ಸೂಜಿಯೂ ಕೆಳದಾರವನ್ನು ಒಯ್ಯುವ ಶಟಲ್ಲೂ ಒಂದುಗೂಡಿದ್ದವು. ಐಸಾಕ್ ಸಿಂಗರ್ 1851ರಲ್ಲಿ ಸೂಜಿಯನ್ನು ನೆಟ್ಟಗೆ ನಿಲ್ಲಿಸಿ, ಬಟ್ಟೆಯನ್ನು ಅದುಮಿ ಹಿಡಿಯುವ ಪಾದವನ್ನು ಕೂಡಿಸಿದನು. ಅವನ ಯಂತ್ರವನ್ನು ಕಾಲಿನಿಂದ ತುಳಿದು ನಡೆಸಬಹುದಾಗಿತ್ತು. ಅದರಿಂದ ಎರಡೂ ಕೈಗಳು ಬಟ್ಟೆಗೆ ಬಿಡುವಾದವು. ಹಕ್ಕುಗಳ ಕುರಿತು ವ್ಯಾಜ್ಯಗಳು ನಡೆದು, 1856ರಲ್ಲಿ ಪ್ರಮುಖ ತಯಾರಕರು ತಮ್ಮ ಹಕ್ಕುಗಳನ್ನು ಒಂದೆಡೆ ಸೇರಿಸಿ ರಾಜಿಯಾದರು. ಅದೇ ಕಾಲದಲ್ಲಿ ಸಿಂಗರನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ ಕಂತಿನ ಮೇಲೆ ಯಂತ್ರ ಮಾರುವ ಪದ್ಧತಿಯನ್ನು ತಂದನು.

ಭಾರತದಲ್ಲಿ 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಸಿಂಗರ್ ಯಂತ್ರದ ಮಾರಾಟವನ್ನು ಹಬ್ಬಿಸಿದವರು ಪಾರ್ಸಿ ವರ್ತಕ ನಸರ್ವಾನ್‌ಜೀ ಮೇರ್ವಾನ್‌ಜೀ ಪಟೇಲರು. ಒಂದೇ ಸಲಕ್ಕೆ ಹಣ ಹೂಡಲಾರದ ದರ್ಜಿಗೆ ಕಂತಿನ ಪದ್ಧತಿಯು ದಾರಿ ತೆರೆಯಿತು. ಯಂತ್ರನಾಗರಿಕತೆಯನ್ನು ಕಟುವಾಗಿ ವಿಮರ್ಶಿಸಿದ ಗಾಂಧೀಜಿಯವರು ಕೂಡ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರವನ್ನು ತಮ್ಮ ಆಕ್ಷೇಪದಿಂದ ಹೊರಗಿಟ್ಟರು. ಹೆಂಡತಿಯ ಕೈಹೊಲಿಗೆಯ ಬೇಸರವನ್ನು ಕಂಡ ಪ್ರೀತಿಯಿಂದ ಅದು ಹುಟ್ಟಿತೆಂಬುದು ಅವರ ಭಾವನೆಯಾಗಿತ್ತು.

ನಮ್ಮ ಮನೆಗಳಲ್ಲಿರುವ ಹಳೆಯ ಸಿಂಗರ್ ಯಂತ್ರಗಳಲ್ಲಿ ಬಹಳಷ್ಟು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯಿಂದ ಬಂದವು. 1880ರ ದಶಕದಲ್ಲಿ ಆರಂಭವಾದ ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಇತ್ತ 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಜಯ್ ಎಂಜಿನಿಯರಿಂಗ್ ವರ್ಕ್ಸ್ 'ಉಷಾ' ಯಂತ್ರವನ್ನು ತಯಾರಿಸಿತು. ದೆಹಲಿಯ ಉದ್ಯಮಿ ಲಾಲಾ ಶ್ರೀರಾಮರ ಆಶ್ರಯದಲ್ಲಿ ಅದು ಬೆಳೆಯಿತು. ಸ್ವಾತಂತ್ರ್ಯಾನಂತರ ಪಂಜಾಬಿನ ಲೂಧಿಯಾನದಲ್ಲಿ ಹೊಲಿಗೆ ಯಂತ್ರಗಳನ್ನೂ ಬಿಡಿಭಾಗಗಳನ್ನೂ ಮಾಡುವ ಸಣ್ಣ ಕಾರ್ಖಾನೆಗಳು ನೆಲೆಗೊಂಡವು. ಉಷಾ ಆಗಲಿ ಲೂಧಿಯಾನದ ಯಂತ್ರಗಳಾಗಲಿ ಮುಖ್ಯವಾಗಿ ಅನುಸರಿಸಿದ್ದು ಸಿಂಗರಿನ 15ನೆಯ ವರ್ಗದ ವಿನ್ಯಾಸವನ್ನು. 1880ರ ಆಸುಪಾಸಿನಲ್ಲಿ ರೂಪುಗೊಂಡ ಆ ವಿನ್ಯಾಸವನ್ನು ಎರಡನೆಯ ಮಹಾಯುದ್ಧದ ನಂತರ ಜಪಾನಿನವರೂ ಅಪಾರ ಸಂಖ್ಯೆಯಲ್ಲಿ ತಯಾರಿಸಿದರು. ಆದುದರಿಂದ ಇಂದು ಪೇಟೆಯಲ್ಲಿ ಸಿಗುವ ಹೊಸ ಬಾಬಿನ್ ನಮ್ಮ ಅಜ್ಜಿಯರ ಕಾಲದ ಯಂತ್ರದಲ್ಲಿಯೂ ಕೂಡುತ್ತದೆ. ನಮ್ಮ ಯಂತ್ರ ಆ ವರ್ಗದ್ದೇ ಎಂಬುದನ್ನು ಮೊದಲು ಗುರುತಿಸಬೇಕು, ಅಷ್ಟೇ.

ಗುರುತಿಸುವ ಕ್ರಮದಲ್ಲಿ ಮೊದಲನೆಯದು ಸಂಖ್ಯೆ. ಸಿಂಗರ್ ಯಂತ್ರದ ಬಲಭಾಗದಲ್ಲಿ, ಕಂಬದ ಬುಡದ ಹತ್ತಿರ, ತಳಹಲಗೆಯ ಮೇಲೆ ಅದನ್ನು ಒತ್ತಿರುತ್ತಾರೆ. ಅಕ್ಷರವಿಲ್ಲದೆ ಬರಿಯ ಅಂಕಿಗಳಿದ್ದರೆ ಅದು 1900ಕ್ಕಿಂತ ಹಿಂದಿನದು. ಅಂಕಿಗಳ ಮುಂದೆ 'ವೈ' ಅಥವಾ 'ಎಫ್' ಎಂಬ ಇಂಗ್ಲಿಷ್ ಅಕ್ಷರವಿದ್ದರೆ ಕ್ಲೈಡ್‌ಬ್ಯಾಂಕಿನದು, 'ಜಿ' ಇದ್ದರೆ ಅಮೆರಿಕೆಯ ಎಲಿಜಬೆತ್ ಊರಿನದು, 'ಸಿ' ಇದ್ದರೆ ಜರ್ಮನಿಯ ವಿಟೆನ್‌ಬರ್ಗೆಯದು. ಹಿಟ್ಟು ಅಥವಾ ಸೀಮೆಸುಣ್ಣದ ಪುಡಿಯನ್ನು ಸವರಿ ಒರೆಸಿದರೆ ಸವೆದ ಅಂಕಿಗಳೂ ಎದ್ದು ಕಾಣುತ್ತವೆ.

ಎರಡನೆಯದು ಶಟಲ್. ಸೂಜಿಯ ಕೆಳಗಿರುವ ಜಾರುತಗಡನ್ನು ಸರಿಸಿ ನೋಡಬೇಕು. ಉದ್ದನೆಯ ಗುಂಡಿನಾಕಾರದ ಶಟಲ್ಲೂ ಅದರೊಳಗೆ ಕಡ್ಡಿಯಂಥ ಬಾಬಿನ್ನೂ ಇದ್ದರೆ ಅದು 27 ಅಥವಾ 28ನೆಯ ವರ್ಗದ ಯಂತ್ರ. ದುಂಡು ಬಾಬಿನ್ ಎಡಗಡೆಯಿಂದ ಕೇಸಿನ ಸಮೇತ ನೆಟ್ಟಗೆ ಕೂಡುವಂತಿದ್ದರೆ 15ನೆಯ ವರ್ಗ. ದುಂಡು ಬಾಬಿನ್ ಮೇಲಿನಿಂದ ಅಡ್ಡಲಾಗಿ ಇಳಿಯುವಂತಿದ್ದರೆ 66ನೆಯ ವರ್ಗ. 15ರ ಬಾಬಿನ್ನಿನ ಎರಡೂ ಮುಖಗಳು ಸಪಾಟು. 66ರದು ಸ್ವಲ್ಪ ಉಬ್ಬು. ಕಣ್ಣಿಗೆ ಒಂದೇ ಎನ್ನಿಸುವ ಈ ಎರಡನ್ನು ಅದಲುಬದಲು ಮಾಡಿದರೆ ಕೆಳದಾರ ಸಿಕ್ಕುಬೀಳುತ್ತದೆ. ಜನರು ಯಂತ್ರವನ್ನು ದೂರುತ್ತಾರೆ. 15ನೆಯ ವರ್ಗದಲ್ಲಿಯೂ ಬಾಬಿನ್ ಕೇಸಿನ ಕೋಡು ಕೆಲವದರಲ್ಲಿ ಎಡಕ್ಕೆ, ಕೆಲವದರಲ್ಲಿ ಬಲಕ್ಕೆ ವಾಲಿರುತ್ತದೆ. ಆದುದರಿಂದ ಹೆಸರು ಹೇಳಿ ಕೊಳ್ಳುವುದಕ್ಕಿಂತ ಹಳೆಯದನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋಗುವುದು ಲೇಸು.

ಮೂರನೆಯದು ಸೂಜಿ. ಮೇಲೆ ಹೇಳಿದ ವರ್ಗಗಳಿಗೆಲ್ಲ ಇಂದಿನ ಸಾಮಾನ್ಯ ಮನೆಯಂತ್ರದ ಸೂಜಿಯೇ ಸಲ್ಲುತ್ತದೆ. ಪೊಟ್ಟಣದ ಮೇಲೆ 'ಎಚ್‌ಎ×1' ಅಥವಾ '15×1' ಎಂದಿರುತ್ತದೆ. ಸಾಧಾರಣ ಹತ್ತಿಬಟ್ಟೆಗೆ 14 ಅಥವಾ 16ರ ಅಳತೆ ಸಾಕು. ಸೂಜಿಯ ಬುಡದ ಸಪಾಟು ಮುಖವು ಶಟಲ್ಲಿನ ಕಡೆಗಿರಬೇಕು. ಇದಕ್ಕೂ ಹಿಂದಿನ 12ನೆಯ ವರ್ಗದ ಯಂತ್ರಕ್ಕೆ ಬೇರೆಯೇ ಸೂಜಿ ಬೇಕು, ಅದು ದುರ್ಲಭ. ಕೊಳ್ಳುವ ಮೊದಲು ಇದನ್ನು ವಿಚಾರಿಸದಿದ್ದರೆ ಯಂತ್ರವು ಪ್ರದರ್ಶನದ ವಸ್ತುವಾಗಿಯೇ ಉಳಿಯುತ್ತದೆ.

ನಾಲ್ಕನೆಯದು ತಿರುಪುಮೊಳೆ. ಸಿಂಗರ್ ಕಂಪನಿಯು ತನ್ನ ತಿರುಪುಗಳಿಗೆ ತನ್ನದೇ ಎಳೆಯ ಅಳತೆಯನ್ನು ಇಟ್ಟುಕೊಂಡಿತ್ತು. ಕಬ್ಬಿಣದ ಸಾಮಾನಿನ ಅಂಗಡಿಯ ಮೊಳೆಯನ್ನು ಬಲವಂತವಾಗಿ ತಿರುಗಿಸಿದರೆ ರಂಧ್ರದ ಎಳೆಯೇ ಸವೆದುಹೋಗುತ್ತದೆ. ಬಿಚ್ಚಿದ ಪ್ರತಿಯೊಂದು ತಿರುಪನ್ನೂ ಜೋಪಾನವಾಗಿಡಬೇಕು. ಚಕ್ರದ ಪಟ್ಟಿಯ ಬಗೆಗೆ ಚಿಂತೆಯಿಲ್ಲ: ಸುಮಾರು 6 ಅಡಿಯ ದುಂಡು ಚರ್ಮದ ಬೆಲ್ಟು ಈಗಲೂ ದೊರೆಯುತ್ತದೆ, ಅಳತೆಗೆ ಕತ್ತರಿಸಿ ತಂತಿಯ ಕೊಂಡಿಯಿಂದ ಕೂಡಿಸಿದರಾಯಿತು.

ಹಳೆಯ ಯಂತ್ರವನ್ನು ಕೊಳ್ಳುವವರು ತಲೆಯನ್ನೂ ಸ್ಟ್ಯಾಂಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಬೀಡುಕಬ್ಬಿಣದ ಸ್ಟ್ಯಾಂಡಿನ ಮೇಲಿನ ಹೆಸರು ಒಂದು, ಮೇಲೆ ಕೂಡಿಸಿದ ತಲೆ ಇನ್ನೊಂದು ಆಗಿರುವುದುಂಟು. 28ನೆಯ ವರ್ಗದ್ದು ಕಿರಿಯ ಅಳತೆಯ ತಲೆ. ಪೂರ್ಣ ಅಳತೆಯ ಹಲಗೆಯಲ್ಲಿ ಅದು ಕೂಡುವುದಿಲ್ಲ. ಚಕ್ರ ತಿರುಗದಿದ್ದರೆ ಕೆಟ್ಟಿತೆಂದು ತಿಳಿಯಬಾರದು. ನಮ್ಮ ಸೀಮೆಯಲ್ಲಿ ಅಡುಗೆಮನೆಯ ಕುಸುಬಿ ಎಣ್ಣೆಯನ್ನೇ ಯಂತ್ರಕ್ಕೆ ಬಿಡುವವರಿದ್ದಾರೆ. ಆ ಎಣ್ಣೆ ಗಾಳಿಗೆ ಒಣಗಿ ಮೆರುಗೆಣ್ಣೆಯಂತೆ ಗಟ್ಟಿಯಾಗುತ್ತದೆ. ಸೀಮೆಎಣ್ಣೆಯ ಹನಿಗಳನ್ನು ಬಿಟ್ಟು, ಎರಡು ಮೂರು ದಿನ ತಾಳ್ಮೆಯಿಂದ ಕೈಯಲ್ಲಿ ಅಲುಗಿಸಿ, ಬಳಿಕ ಮಿಷನ್ ಎಣ್ಣೆ ಹಾಕಿದರೆ ಎಷ್ಟೋ ಯಂತ್ರಗಳು ಮತ್ತೆ ಉಸಿರಾಡುತ್ತವೆ.

ಇಷ್ಟೊಂದು ಆಸ್ಥೆ ಏಕೆಂದು ಯುವಕರು ಕೇಳಬಹುದು. ಸೊಲ್ಲಾಪುರವು ಇಂದು ಶಾಲಾ ಸಮವಸ್ತ್ರಗಳ ಹೊಲಿಗೆಗೆ ಹೆಸರಾದ ನಗರ. ಅಲ್ಲಿ ವಿದ್ಯುತ್ ಯಂತ್ರಗಳು ಓಡುತ್ತಿವೆ. ಆದರೆ ನಾವು ಶಾಲೆಯಲ್ಲಿದ್ದ ದಶಕಗಳಲ್ಲಿ ನಮ್ಮ ಮುಂದೆ ಕುಳಿತ ಮಕ್ಕಳ ಅಂಗಿ ಚಡ್ಡಿಗಳು ಹೆಚ್ಚಾಗಿ ಓಣಿಯ ಯಾವುದೋ ಮನೆಯ ಕಾಲಿನ ಯಂತ್ರದಲ್ಲಿ ಹೊಲಿದವು. ಹೊಲ ಗಂಡನ ಹೆಸರಿನಲ್ಲಿ, ಮನೆ ಮಾವನ ಹೆಸರಿನಲ್ಲಿದ್ದ ಕಾಲದಲ್ಲಿ ಎಷ್ಟೋ ತಾಯಂದಿರು 'ನನ್ನದು' ಎನ್ನಬಹುದಾದ ದುಡಿಮೆಯ ಸಾಧನ ಅದೊಂದೇ ಆಗಿತ್ತು. ಗಂಡನನ್ನು ಕಳೆದುಕೊಂಡವರು ಅದರ ಬಲದಿಂದಲೇ ಮಕ್ಕಳ ಪುಸ್ತಕದ ಹಣ ಹೊಂದಿಸಿದ್ದನ್ನು ನಾವು ಕಂಡಿದ್ದೇವೆ. ಅವರ ಹೆಸರು ಯಾವ ದಫ್ತರದಲ್ಲಿಯೂ ಇಲ್ಲ. ತುಳಿದು ಸವೆದ ಕಬ್ಬಿಣದ ಮೆಟ್ಟಿಲಿನಲ್ಲಿ ಮಾತ್ರ ಅವರ ಕಾಯಕದ ಗುರುತಿದೆ.

ಆದುದರಿಂದ ಸಂಘದ ಸದಸ್ಯ ಕುಟುಂಬಗಳಲ್ಲಿ ನಮ್ಮದೊಂದು ವಿನಂತಿ. ಮನೆಯ ಹಳೆಯ ಯಂತ್ರವನ್ನು ಮಾರುವ ಮುನ್ನ ಅದರ ಸಂಖ್ಯೆ, ಶಟಲ್ಲಿನ ಬಗೆ, ಮೊದಲು ಕೊಂಡವರು ಯಾರು, ಅದರಲ್ಲಿ ಹೊಲಿದವರು ಯಾರು ಎಂಬುದನ್ನು ಒಂದು ಕಾಗದದಲ್ಲಿ ಬರೆದು, ಯಂತ್ರದ ಖಾನೆಯಲ್ಲಿಯೇ ಇಡಿರಿ. ನಡೆಯುವಂತಿದ್ದರೆ ಬೇಕಾದ ಭಾಗವನ್ನು ತಂದು ನಡೆಸಿರಿ. ನಿಮಗೆ ಬೇಡವಾದರೆ ಹೊಲಿಗೆ ಕಲಿಯುವ ಒಬ್ಬ ಹೆಣ್ಣುಮಗಳಿಗೆ ಕೊಡಿರಿ.