‘ರೆಕನ್ಸೈಲ್’ ಎಂಬ ಕ್ರಿಯಾಪದದ ಅರ್ಥವಿಚಾರ

ಮುರಿದ ಮೈತ್ರಿಯನ್ನು ಮರಳಿ ಕೂಡಿಸುವ ಅರ್ಥದಲ್ಲಿ ಆಂಗ್ಲರು ಪ್ರಯೋಗಿಸುವ ‘ರೆಕನ್ಸೈಲ್’ ಎಂಬ ಕ್ರಿಯಾಪದವು 14ನೆಯ ಶತಮಾನದಲ್ಲಿ ಫ್ರೆಂಚ್ ಭಾಷೆಯ ಮಾರ್ಗವಾಗಿ ಲ್ಯಾಟಿನ್ನಿನಿಂದ ಬಂದುದು. ಸಭೆಯೆಂಬರ್ಥದ ಲ್ಯಾಟಿನ್ ಶಬ್ದವೊಂದು ಅದರೊಳಗೆ ಅಡಗಿರುವುದರಿಂದ, ಚದುರಿದವರನ್ನು ಪುನಃ ಒಂದೆಡೆ ಸೇರಿಸುವುದೇ ಅದರ ಮೂಲಾರ್ಥವೆನ್ನಬಹುದು. ಆದರೆ ಪ್ರಯೋಗವನ್ನು ನಿಟ್ಟಿಸಿ ನೋಡಿದವರಿಗೆ, ಇಲ್ಲಿ ಅರ್ಥನಿರ್ಣಾಯಕವಾದುದು ಧಾತುವಿಗಿಂತ ಹೆಚ್ಚಾಗಿ ಅದರ ಬೆನ್ನಿಗೆ ಬರುವ ಪುಟ್ಟ ಅವ್ಯಯವೆಂಬುದು ವೇದ್ಯವಾಗದಿರದು.

‘ವಿತ್’ ಎಂಬ ಅವ್ಯಯ ಬಂದಲ್ಲಿ ರಾಜಿಯು ಉಭಯಪಕ್ಷದ್ದು. ಜಗಳವಾಡಿದ ಅಣ್ಣತಮ್ಮಂದಿರು ಇಬ್ಬರೂ ಒಂದೊಂದು ಹೆಜ್ಜೆ ಮುಂದೆ ಬಂದಿರುತ್ತಾರೆ. ‘ಟು’ ಬಂದಲ್ಲಿಯಾದರೋ ಒಬ್ಬನೇ ಬಾಗುತ್ತಾನೆ: ಬಡತನಕ್ಕೆ, ವಾರ್ಧಕ್ಯಕ್ಕೆ, ವಿಧಿಗೆ ಮನುಷ್ಯನು ಒಗ್ಗಿಕೊಂಡಾನೇ ಹೊರತು ಅವು ಅವನಿಗಾಗಿ ಎಳ್ಳಷ್ಟೂ ಸರಿಯವು. ಸಂತ ಪೌಲನ ಪತ್ರಗಳ ಇಂಗ್ಲಿಷ್ ಅನುವಾದದಲ್ಲಿಯೂ ಮನುಷ್ಯನು ದೇವರಿಗೆ ‘ಟು’ ಸೇರಿಸಲ್ಪಡುತ್ತಾನೆ. 1611ರ ಬೈಬಲ್ ಭಾಷಾಂತರಕಾರರು ರೋಮಾಪುರದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ, ಹತ್ತನೆಯ ವಾಕ್ಯಕ್ಕೆ ಈ ಕ್ರಿಯಾಪದವನ್ನೂ ಹನ್ನೊಂದನೆಯದಕ್ಕೆ ‘ಅಟೋನ್‌ಮೆಂಟ್’ ಎಂಬುದನ್ನೂ ಇಟ್ಟರು. ಪತ್ರದ ಮೂಲಭಾಷೆಯಾದ ಗ್ರೀಕಿನಲ್ಲಿ ಮಾತ್ರ ಎರಡೆಡೆಯೂ ಧಾತು ಒಂದೇ. ಆ ಧಾತುವು ನಾಣ್ಯವಿನಿಮಯಕ್ಕೂ ಸಲ್ಲುತ್ತಿದ್ದುದು ಸ್ವಾರಸ್ಯಕರ. ಚಿನಿವಾರರ ಕಟ್ಟೆಯಿಂದ ದೇವಮಂದಿರಕ್ಕೆ ಏರಿದ ಭಾವವು ಶತಮಾನಗಳ ತರುವಾಯ ಇಂಗ್ಲಿಷಿನಲ್ಲಿ ಮತ್ತೆ ಹಣಕಾಸಿನವರ ಕೈಗೇ ಬಂದಿತು.

ಲೆಕ್ಕಿಗರ ಪ್ರಯೋಗವನ್ನು ಕೋಶಕಾರರು ಕಡೆಯ ಸಾಲಿಗೆ ತಳ್ಳುವುದುಂಟು. ನನಗೆ ಅದೇ ಮುಖ್ಯವೆನಿಸುತ್ತದೆ. ವರ್ತಕನ ನಗದು ಪುಸ್ತಕದಲ್ಲಿ ಬ್ಯಾಂಕಿನ ಶಿಲ್ಕು 5000 ರೂಪಾಯಿ, ಪಾಸ್ ಪುಸ್ತಕದಲ್ಲಿ 5800 ಎಂದಿರಲಿ. ಅವನು ಕೊಟ್ಟ 800 ರೂಪಾಯಿಯ ಚೆಕ್ಕು ಇನ್ನೂ ಬ್ಯಾಂಕಿಗೆ ಬಂದಿಲ್ಲವೆಂದು ಹೊಂದಾಣಿಕೆಯ ಪಟ್ಟಿಯಲ್ಲಿ ಬರೆದೊಡನೆ ಕಾರ್ಯ ಮುಗಿಯಿತು. ಎರಡು ಪುಸ್ತಕಗಳಲ್ಲಿ ಒಂದಂಕಿಯನ್ನೂ ತಿದ್ದಲಿಲ್ಲ. ವ್ಯತ್ಯಾಸವು ಅಳಿಯಲಿಲ್ಲ, ಅದರ ಕಾರಣ ತಿಳಿಯಿತು, ಅಷ್ಟೆ.

ಪೌಲನ ಅರ್ಥವೂ ಲೆಕ್ಕಿಗನ ಅರ್ಥವೂ ಒಂದೆಡೆ ಕೂಡಿದ ನಿದರ್ಶನವೊಂದುಂಟು: ವರ್ಣಭೇದದ ಕಾಲದ ದೌರ್ಜನ್ಯಗಳ ವಿಚಾರಣೆಗೆಂದು ದಕ್ಷಿಣ ಆಫ್ರಿಕದಲ್ಲಿ 1995ರ ಕಾಯಿದೆಯಂತೆ ಸ್ಥಾಪಿತವಾದ ಸತ್ಯ ಮತ್ತು ಸಾಮರಸ್ಯ ಆಯೋಗದ ಇಂಗ್ಲಿಷ್ ಹೆಸರಿನಲ್ಲಿ ಈ ಶಬ್ದದ ನಾಮರೂಪವಿದೆ. ಅಧ್ಯಕ್ಷಪೀಠದಲ್ಲಿದ್ದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರು ಅದನ್ನು ಪೌಲನ ಅರ್ಥದಲ್ಲಿಯೇ ನುಡಿದರು. ಆದರೆ ಕ್ಷಮಾದಾನಕ್ಕೆ ಕಾಯಿದೆಯು ಪಶ್ಚಾತ್ತಾಪವನ್ನು ಕೇಳಲಿಲ್ಲ. ರಾಜಕೀಯೋದ್ದೇಶದಿಂದ ನಡೆದ ಕೃತ್ಯವನ್ನು ಮುಚ್ಚುಮರೆಯಿಲ್ಲದೆ ಪೂರ್ಣವಾಗಿ ಹೇಳಬೇಕೆಂದು ವಿಧಿಸಿತು. ಹೆಸರು ಪುರೋಹಿತನದು, ಪದ್ಧತಿ ಲೆಕ್ಕಿಗನದು. 1977ರಲ್ಲಿ ಪೊಲೀಸರ ವಶದಲ್ಲಿದ್ದಾಗ ಮಡಿದ ವರ್ಣಭೇದವಿರೋಧಿ ಹೋರಾಟಗಾರ ಸ್ಟೀವ್ ಬೀಕೋ ಅವರ ಪ್ರಕರಣದಲ್ಲಿ ಅರ್ಜಿ ಹಾಕಿಕೊಂಡ ಅಧಿಕಾರಿಗಳಿಗೆ 1999ರಲ್ಲಿ ಕ್ಷಮೆ ದೊರೆಯದೆ ಹೋದುದಕ್ಕೆ, ಅವರು ನಡೆದುದೆಲ್ಲವನ್ನೂ ಹೇಳಲಿಲ್ಲವೆಂಬುದೂ ಒಂದು ಕಾರಣವಾಗಿತ್ತು.