ಹುಲಿಯ ಹೊಟ್ಟೆ, ಬೆಕ್ಕಿನ ಹೊಟ್ಟೆ ಮತ್ತು ಒಂದು ಚಮಚ ಇಸಬ್‌ಗೋಲ್

"ಬೆಕ್ಕಿಗೆ ಇಸಬ್‌ಗೋಲ್ ಹಾಕ್ತಿದೀನಿ ಅಜ್ಜಿ" ಅಂದೆ ಫೋನಿನಲ್ಲಿ. ಆ ಕಡೆ ಒಂದು ಕ್ಷಣ ಸದ್ದೇ ಇಲ್ಲ. ಆಮೇಲೆ ಅಜ್ಜಿ ಕೇಳಿದ್ದು ಒಂದೇ ಮಾತು: "ಅಲ್ಲಿ ಅದ್ಕೆ ಇಲಿ ಸಿಕ್ಕಾಕಿಲ್ವಾ ಮಗ?"

ನಗು ಬಂತು. ಬೆಂಗಳೂರಿನ ಮೂರನೇ ಮಹಡಿಯ ಫ್ಲಾಟಿನಲ್ಲಿ ಇಲಿ ಎಲ್ಲಿಂದ ತರೋದು? ಆದರೆ ಆ ಪ್ರಶ್ನೆ ಮಾತ್ರ ತಲೆಯಿಂದ ಹೋಗಲಿಲ್ಲ. ಓದುತ್ತಾ ಹೋದ ಹಾಗೆ, ಅಜ್ಜಿ ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಳು ಅಂತ ಗೊತ್ತಾಯ್ತು.

ನಮ್ಮ ಕಡೆ ಬೆಕ್ಕು ಮುದ್ದಿಗೆ ಸಾಕುವ ಪ್ರಾಣಿ ಆಗಿರಲಿಲ್ಲ, ಅದಕ್ಕೊಂದು ಡ್ಯೂಟಿ ಇತ್ತು. ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳಲ್ಲಿ ರಾಗಿ, ಕೆ.ಆರ್.ನಗರದ ನಾಲೆ ಬಯಲಲ್ಲಿ ಭತ್ತ. ರಾಗಿಗೆ ಹುಳ ಬೀಳೋದು ಕಮ್ಮಿ, ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಇರುತ್ತದೆ. ಆದರೆ ಅಟ್ಟದ ಮೇಲಿನ ಮೂಟೆಗೆ ಇಲಿ ತಪ್ಪಿದ್ದಲ್ಲ. ಅದಕ್ಕೇ ಮನೆಗೊಂದು ಬೆಕ್ಕು. ರಾತ್ರಿ ಉಳಿದ ಮುದ್ದೆ ಚೂರಿಗೆ ಒಂದಿಷ್ಟು ಹಾಲು ಸುರಿದು ಇಟ್ಟರೆ ಅದರ ಸಂಬಳ ಮುಗಿಯಿತು. "ಹೊಟ್ಟೆ ತುಂಬಾ ಇಕ್ಬೇಡ, ಆಮೇಲೆ ಇಲಿ ಹಿಡಿಯಾಕಿಲ್ಲ" ಅನ್ನೋದು ಅಜ್ಜಿಯ ಕಾನೂನು.

ಈ ಒಪ್ಪಂದ ಬಹಳ ಹಳೆಯದು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂತಿದ್ದ ಒಂದು ಗೋರಿ ಸಿಕ್ಕಿದ ಸುದ್ದಿ 2004ರಲ್ಲಿ ಬಂತು. ಸುಮಾರು 9,500 ವರ್ಷ ಹಳೆಯ ಗೋರಿ ಅದು. ಜನ ಕಾಳು ಬೆಳೆದು ಕೂಡಿಡೋಕೆ ಶುರು ಮಾಡಿದರು, ಕಾಳಿಗೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಅಷ್ಟು ಸಾವಿರ ವರ್ಷ ನಮ್ಮ ಜೊತೆ ಇದ್ದರೂ ಅದರ ಹೊಟ್ಟೆ ಮಾತ್ರ ಕಾಡಿನದಾಗಿಯೇ ಉಳಿಯಿತು. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಕೇಳಿ ಬೆಳೆದ ನಮಗೆ ಬೆಕ್ಕು ಅಂದರೆ ಹಾಲು. ನಿಜ ಏನಪ್ಪಾ ಅಂದ್ರೆ, ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ (ಲ್ಯಾಕ್ಟೋಸ್) ಸರಿಯಾಗಿ ಅರಗುವುದಿಲ್ಲ, ಭೇದಿ ಆಗಬಹುದು. ಮಾಂಸದಲ್ಲಿರುವ ಟಾರಿನ್ ಕಮ್ಮಿಯಾದರೆ ಬೆಕ್ಕಿನ ಕಣ್ಣಿನ ಪರದೆ ಹಾಳಾಗುತ್ತೆ ಅಂತ 1975ರಲ್ಲಿ, ಹೃದಯವೂ ಸೋಲುತ್ತೆ ಅಂತ 1987ರಲ್ಲಿ ತಿಳಿಯಿತು. ಹಾಗಾದರೆ ಮುದ್ದೆ-ಹಾಲು ತಿಂದ ನಮ್ಮೂರ ಬೆಕ್ಕುಗಳು ಬದುಕಿದ್ದು ಹೇಗೆ? ಇಲಿಯಿಂದ!

ಇಲ್ಲಿಗೆ ಬೆಕ್ಕಿನ ದೊಡ್ಡಣ್ಣನ ಕಥೆ ಬರಬೇಕು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಪಿರಿಯಾಪಟ್ಟಣಕ್ಕೆ ಬಂದಾಗ ಅಲ್ಲಿಯ ಹಾಳುಬಿದ್ದ ಕೋಟೆಯೊಳಗೆ ಹುಲಿಗಳು ಸೇರಿಕೊಂಡಿದ್ದುವಂತೆ. ಆಮೇಲೆ ಹುಲಿಗಳು ಹಿಂದೆ ಸರಿದು ಕಾಡು ಸೇರಿದವು. ಆ ಕಾಡಿನ ಒಂದು ಭಾಗ ಇವತ್ತಿನ ನಾಗರಹೊಳೆ. ನಮ್ಮ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆಗಳ ಅಂಚಿಗೇ ಇರುವ ಈ ಕಾಡು 1988ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು.

ಅಲ್ಲೇ 1986ರಿಂದ 1990ರವರೆಗೆ ಉಲ್ಲಾಸ ಕಾರಂತರು ಹುಲಿ, ಚಿರತೆ, ಕಾಡುನಾಯಿಗಳು ಏನು ತಿನ್ನುತ್ತವೆ ಅಂತ ಅಧ್ಯಯನ ಮಾಡಿದರು. ಕಾರಂತರೇ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಕಾಡಿಗೆ ಬಂದವರು, ಹಾಗಾಗಿ ನನಗೆ ಸ್ವಲ್ಪ ಜಾಸ್ತಿ ಅಭಿಮಾನ :) ಹುಲಿ ತಿನ್ನೋದನ್ನ ಕೂತು ನೋಡೋಕೆ ಆಗಲ್ವಲ್ಲ? ಅದಕ್ಕೆ ಬೇಟೆಯ ಅವಶೇಷ ಹುಡುಕಿದರು, ಕಾಡುದಾರಿಯಲ್ಲಿ ಬಿದ್ದ ಮಲ ಆರಿಸಿ ತೊಳೆದು ನೋಡಿದರು. ಹುಲಿ ಕೊಂದ ಗೊರಸಿನ ಪ್ರಾಣಿಗಳ ಸರಾಸರಿ ತೂಕ 91.5 ಕೆ.ಜಿ., ಚಿರತೆಯದು 37.6 ಕೆ.ಜಿ. ಅಂತ ಲೆಕ್ಕ ಸಿಕ್ಕಿತು. ಮಲ ನೋಡಿ ಯಾವ ಪ್ರಾಣಿ ಅಂತ ಹೇಗೆ ಗೊತ್ತಾಗುತ್ತೆ? ಕೂದಲಿನಿಂದ. ಕಡವೆ, ಜಿಂಕೆ, ಕಾಟಿ ಎಲ್ಲದರ ಕೂದಲೂ ಬೇರೆ ಬೇರೆ, ಮತ್ತೆ ಅದು ಅರಗದೇ ಹಾಗೇ ಹೊರಗೆ ಬರುತ್ತದೆ.

ಅರಗದೇ ಬರುವ ವಸ್ತು... ಅದಕ್ಕೇ ಅಲ್ವಾ ನಾವು ನಾರು ಅನ್ನೋದು? ನಮಗೆ ನಾರು ಅಂದರೆ ಸೊಪ್ಪು, ರಾಗಿ ಸಿಪ್ಪೆ. ಬೆಕ್ಕಿನ ಜಾತಿಗೆ ಅದು ಕೂದಲು, ಮೂಳೆ, ಚರ್ಮ, ಮೃದ್ವಸ್ಥಿ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು 2010ರ ನಂತರದ ವರ್ಷಗಳಲ್ಲಿ ಚೀತಾಗಳ ಮೇಲೆ ಇದನ್ನು ಪರೀಕ್ಷೆ ಮಾಡಿದರು. ಬರೀ ದನದ ಮಾಂಸ ಕೊಟ್ಟಾಗಿಗಿಂತ ಇಡೀ ಮೊಲ ಕೊಟ್ಟಾಗ ಮಲ ಗಟ್ಟಿಯಾಗಿತ್ತು, ಕರುಳಿನಲ್ಲಿ ಪ್ರೋಟೀನು ಕೊಳೆತು ಹುಟ್ಟುವ ಕೆಟ್ಟ ರಾಸಾಯನಿಕಗಳು ಕಡಿಮೆ ಇದ್ದವು. ಬೆಕ್ಕಿಗೂ ಇಲಿ ಅಂದರೆ ಮಾಂಸ, ನಾರು, ನೀರು ಮೂರೂ ಸೇರಿದ ಪೂರ್ತಿ ಪ್ಯಾಕೇಜು. ಇಲಿಯ ದೇಹದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ.

ಪಟ್ಟಣದ ಬೆಕ್ಕಿಗೆ ಈ ಪ್ಯಾಕೇಜು ತಪ್ಪಿತು. 1860ರ ಸುಮಾರಿಗೆ ಲಂಡನ್ನಿನಲ್ಲಿ ಜೇಮ್ಸ್ ಸ್ಪ್ರಾಟ್ ನಾಯಿ ಬಿಸ್ಕತ್ತು ಮಾರಿದ ಮೇಲೆ ಸಾಕುಪ್ರಾಣಿಗಳ ರೆಡಿಮೇಡ್ ಆಹಾರ ಒಂದು ಉದ್ಯಮವಾಯಿತು. 1950ರ ದಶಕದಲ್ಲಿ ಹಿಟ್ಟನ್ನು ಒತ್ತಡದಲ್ಲಿ ಬೇಯಿಸಿ ಕಾಳಿನ ಹಾಗೆ ಉಬ್ಬಿಸುವ ವಿಧಾನ ಬಂತು. ಈ ಒಣ ಕಾಳಿನಲ್ಲಿ ನೀರು ನೂರಕ್ಕೆ ಹತ್ತರಷ್ಟು, ಅಷ್ಟೇ. ಬೆಕ್ಕಿಗೆ ಬಾಯಾರಿಕೆಯೂ ಕಮ್ಮಿ. ಹೋದ ನಾರನ್ನು ಬೀಟ್ ಸಿಪ್ಪೆ, ಚಿಕೋರಿ ಬೇರು, ಇಸಬ್‌ಗೋಲ್ ಹೆಸರಿನಲ್ಲಿ ವಾಪಸ್ಸು ಸೇರಿಸಬೇಕಾಯಿತು.

ಚಿಕೋರಿ ಅಂದ ತಕ್ಷಣ ನಮಗೆ ಕಾಫಿಪುಡಿ ಅಂಗಡಿ ನೆನಪಾಗುತ್ತೆ ಅಲ್ವಾ? ಅದರ ಬೇರಿನಲ್ಲಿರುವ ನಾರು ಇನ್ಯುಲಿನ್. 1804ರಲ್ಲಿ ಜರ್ಮನಿಯ ವ್ಯಾಲೆಂಟಿನ್ ರೋಸ್ ಇದನ್ನು ಬೇರೊಂದು ಗಿಡದ ಬೇರಿನಿಂದ ಮೊದಲು ತೆಗೆದದ್ದು. ಹೊಟ್ಟೆಯಲ್ಲಿ ಅರಗದೆ ದೊಡ್ಡ ಕರುಳಿಗೆ ಹೋಗಿ ಅಲ್ಲಿಯ ಒಳ್ಳೆ ಬ್ಯಾಕ್ಟೀರಿಯಾಗಳಿಗೆ ಊಟವಾಗುವ ಇಂಥ ಪದಾರ್ಥಕ್ಕೆ 1995ರಲ್ಲಿ ಗಿಬ್ಸನ್ ಮತ್ತು ರಾಬರ್‌ಫ್ರಾಯ್ಡ್ 'ಪ್ರಿಬಯಾಟಿಕ್' ಅಂತ ಹೆಸರಿಟ್ಟರು. ಇಸಬ್‌ಗೋಲ್ ಕೆಲಸ ಬೇರೆ. ಅದು ಬ್ಯಾಕ್ಟೀರಿಯಾಗಳಿಗೆ ಅಷ್ಟಾಗಿ ದಕ್ಕುವುದಿಲ್ಲ, ನೀರು ಹಿಡಿದು ಲೋಳೆಯಾಗಿ ಮಲವನ್ನು ಮೆದು ಮಾಡುತ್ತದೆ. ಇಸಬ್‌ಗೋಲ್ ಸೇರಿಸಿದ ಆಹಾರದಿಂದ ಮಲಬದ್ಧತೆಯ ಬೆಕ್ಕುಗಳಲ್ಲಿ ಬಹುಪಾಲು ಸುಧಾರಿಸಿದವು ಅಂತ 2011ರ ಒಂದು ಅಧ್ಯಯನ ಹೇಳುತ್ತದೆ. ಆದರೆ ಅದರಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ, ಅದನ್ನೂ ಹೇಳಿಬಿಡಬೇಕು.

ಈಗ ನನ್ನ ಪೆದ್ದುತನ. ನಮ್ಮ ಕರಿಯ ಮರಳಿನ ಟ್ರೇನಲ್ಲಿ ಕೂತು ಮುಕ್ಕುತ್ತಿದ್ದ, ಏನೂ ಬರುತ್ತಿರಲಿಲ್ಲ. ನಾನು ಇಂಟರ್ನೆಟ್ಟಿನಲ್ಲಿ ಅರ್ಧ ಗಂಟೆ ಓದಿ, ಒಣ ಕಾಳಿನ ಮೇಲೆ ಒಂದು ಚಮಚ ಇಸಬ್‌ಗೋಲ್ ಉದುರಿಸಿದೆ. ಎರಡು ದಿನ. ಮೂರನೇ ದಿನ ಅವನು ಊಟವನ್ನೇ ಬಿಟ್ಟ. ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದೆ. ಅವರು ಮೊದಲು ಕೇಳಿದ್ದು, "ಉಚ್ಚೆ ಹೊಯ್ತಾ ಇದೆಯಾ?"

ನಾನು ನೋಡೇ ಇರಲಿಲ್ಲ.

ಗಂಡು ಬೆಕ್ಕಿಗೆ ಮೂತ್ರನಾಳ ಕಟ್ಟಿಕೊಂಡರೂ ಹೀಗೇ ಕೂತು ಮುಕ್ಕುತ್ತದೆ. ನೋಡುವವರಿಗೆ ಮಲಬದ್ಧತೆಯ ಹಾಗೇ ಕಾಣುತ್ತದೆ. ಅದಾಗಿದ್ದರೆ ಒಂದೆರಡು ದಿನದಲ್ಲೇ ಪ್ರಾಣ ಹೋಗುವ ವಿಷಯ, ನಾನು ಕಾದಿದ್ದು ಅಷ್ಟೇ ಹೊತ್ತು. ಡಾಕ್ಟರು ಹೊಟ್ಟೆ ಒತ್ತಿ ನೋಡುವಾಗ ನನ್ನ ಕೈ ನಡುಗುತ್ತಿತ್ತು. ಪುಣ್ಯಕ್ಕೆ ಮಲವೇ ಗಟ್ಟಿಯಾಗಿದ್ದುದು. "ನೀರು ಕೊಡದೆ ಇಸಬ್‌ಗೋಲ್ ಕೊಟ್ಟರೆ ಅದು ಒಳಗೆ ಇನ್ನೂ ಕಟ್ಟಿಕೊಳ್ಳುತ್ತೆ" ಅಂತ ಬೈದು, ಎನಿಮಾ ಕೊಟ್ಟು ಕಳಿಸಿದರು.

ಈಗ ಕರಿಯನಿಗೆ ಒದ್ದೆ ಊಟ, ಜೊತೆಗೆ ಡಾಕ್ಟರು ಹೇಳಿದ ಅಳತೆಯ ಚಿಟಿಕೆ ಇಸಬ್‌ಗೋಲ್, ಅದೂ ನೀರಿನಲ್ಲಿ ನೆನೆಸಿ. ಬೆಕ್ಕು ಸಾಕಿದವರಿಗೆ ಇನ್ನೊಂದು ಮಾತು. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇನ್ಯುಲಿನ್ ಇದೆ ಅಂತ ಕೊಟ್ಟುಬಿಟ್ಟೀರಾ! ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ಕಾಫಿಯೂ ಬೇಡ.

ಹೋದ ವಾರ ಊರಿಗೆ ಹೋಗಿದ್ದಾಗ ಅಜ್ಜಿಗೆ ಎಲ್ಲ ಹೇಳಿದೆ, ನಾಗರಹೊಳೆಯ ಹುಲಿ ಕೂದಲು, ಬೆಲ್ಜಿಯಂನ ಚೀತಾ, ಎಲ್ಲಾ. ಪೂರ್ತಿ ಕೇಳಿಸಿಕೊಂಡಳು. "ಅದ್ನೇ ತಾನೆ ನಾನಂದಿದ್ದು, ಇಲಿ ಅಂತ" ಅಂದು ರಾಗಿ ಕೇರೋಕೆ ಶುರು ಮಾಡಿದಳು. ಪಕ್ಕದಲ್ಲಿ ನಮ್ಮನೆ ಹಳೇ ಬೆಕ್ಕು ಕೂತು ಮೀಸೆ ನೆಕ್ಕಿಕೊಳ್ಳುತ್ತಿತ್ತು.