ಮಾತು ಕೊಡದ ಮಗುವೂ ಊರಿನ ಹೊಣೆಯೂ

ಅರಸೀಕೆರೆಯಿಂದ ದಕ್ಷಿಣಕ್ಕೆ ಸುಮಾರು ೮ ಕಿಲೋಮೀಟರು ಬಂದರೆ ಹಾರನಹಳ್ಳಿ. ತೆಂಗಿನ ಸೀಮೆಯ ಈ ಊರಿನಲ್ಲಿ ಸೋಮೇಶ್ವರನದೊಂದು, ಲಕ್ಷ್ಮೀನರಸಿಂಹನದೊಂದು, ಹೀಗೆ ಎರಡು ಹೊಯ್ಸಳ ದೇಗುಲಗಳಿವೆ. ಕ್ರಿ.ಶ. ೧೨೩೫ರ ಸುಮಾರಿನಲ್ಲಿ ಇವನ್ನು ಕಟ್ಟಿಸಿದವರು ಅರಸರಲ್ಲ. ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಮೂವರು ಸಿರಿವಂತ ಸೋದರರು. ಊರಿಗೆ ಬೇಕಾದುದನ್ನು ನಾಲ್ವರು ಕೈಗೂಡಿಸಿದರೆ ಕಟ್ಟಬಹುದೆಂಬುದಕ್ಕೆ ಇದು ನಿದರ್ಶನವೆಂದು ನಾನು ಮಕ್ಕಳಿಗೆ ಹೇಳುತ್ತ ಬಂದವನು. ಆ ಪಾಠವನ್ನು ನಾನೇ ಸರಿಯಾಗಿ ಕಲಿತಿರಲಿಲ್ಲವೆಂಬುದು ತಡವಾಗಿ ತಿಳಿಯಿತು.

೧೯೯೬ರಲ್ಲಿ ನಾನು ಹೊಸ ಮೇಷ್ಟರು. ಎಂಟನೆಯ ತರಗತಿಗೆ ಒಬ್ಬ ಹುಡುಗ ಬಂದ. ಹೆಸರು ಹಿಡಿದು ಕರೆದರೆ ತಿರುಗನು; ಗಂಟೆ ಬಾರಿಸಿದರೆ ಕಿವಿ ಮುಚ್ಚಿಕೊಂಡು ಜಗಲಿಯ ಉದ್ದಕ್ಕೂ ಓಡುವನು. ಹಾರನಹಳ್ಳಿಯ ದೇಗುಲಕ್ಕೆ ಮಕ್ಕಳನ್ನು ಕರೆದೊಯ್ದ ದಿನ ಅವನು ನನ್ನ ಒಂದು ಮಾತನ್ನೂ ಕೇಳಲಿಲ್ಲ. ಕಡೆದ ಕಂಬಗಳನ್ನು ಒಂದೊಂದಾಗಿ ಮುಟ್ಟಿ ಮುಟ್ಟಿ ಸುತ್ತಿದ. ಮರುವಾರ ನಾನು ಅವನ ತಂದೆಯನ್ನು ಕರೆಸಿ, "ಇವನಿಗೆ ಮನೆಯೇ ಶಾಲೆ, ಕರೆದುಕೊಂಡು ಹೋಗಿ" ಎಂದೆ. ಆತ ಮರುಮಾತಾಡದೆ ಮಗನ ಚೀಲವನ್ನು ಎತ್ತಿಕೊಂಡು ಹೊರಟರು. ಕಿವಿಯೂ ಕಣ್ಣೂ ನೆಟ್ಟಗಿರುವ ಹುಡುಗ ಹೀಗೇಕೆ ಎಂದು ವಿಚಾರಿಸುವ ವ್ಯವಧಾನ ನನಗಿರಲಿಲ್ಲ. ಅವನ ಸ್ಥಿತಿಗೆ ಒಂದು ಹೆಸರುಂಟೆಂಬುದೂ ನನಗೆ ಗೊತ್ತಿರಲಿಲ್ಲ.

ಹೆಸರಿನ ಮಾತನ್ನು ಬೇಕೆಂದೇ ಎತ್ತಿದೆ. ನಮ್ಮ ನಾಡಿನಲ್ಲಿ ಅಶಕ್ತರನ್ನು ಸಲಹುವ ಪದ್ಧತಿ ಹೊಸದೇನಲ್ಲ. ಬಳ್ಳಿಗಾವೆಯ ಕೋಡಿಯ ಮಠದ ೧೧೬೨ರ ಶಾಸನವನ್ನು ಬಲ್ಲವರು ಬಲ್ಲರು. ಹಾರನಹಳ್ಳಿಯಲ್ಲಿಯೂ ಪ್ರಸಿದ್ಧವಾದ ಕೋಡಿಮಠವೊಂದುಂಟು. ಹೆಸರು ಹೋಲಿದರೂ ಅದು ಬೇರೆ. ಬಳ್ಳಿಗಾವೆಯ ಮಠ ಕಾಳಾಮುಖ ಯತಿಗಳದು. ವ್ಯಾಕರಣ, ದರ್ಶನಗಳ ಪಾಠದ ಜೊತೆಗೆ ಅಲ್ಲಿ ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುವೆಂದು ಆ ಶಾಸನ ತಿಳಿಸುತ್ತದೆ. ಎಂಟುನೂರು ವರ್ಷಕ್ಕೂ ಹಿಂದಿನ ಈ ಪಟ್ಟಿಯನ್ನು ಓದಿದಾಗ ಯಾರಿಗೆ ತಾನೆ ಹೆಮ್ಮೆಯಾಗದು? ಆದರೆ ಕಿವಿ ಕೇಳಿದರೂ ಓಗೊಡದ, ಕಣ್ಣು ಕಂಡರೂ ಮುಖ ನೋಡದ ಮಗು ಆ ಪಟ್ಟಿಯಲ್ಲಿಲ್ಲ. ಅಂಥ ಮಕ್ಕಳು ಆಗ ಹುಟ್ಟುತ್ತಿರಲಿಲ್ಲವೆಂದು ಭಾವಿಸಬೇಕಾದುದಿಲ್ಲ. ಊರು ಯಾವುದಕ್ಕೆ ಹೆಸರಿಟ್ಟಿತೋ ಅದಕ್ಕೆ ಅನ್ನವಿಟ್ಟಿತು. ಹೆಸರಿಲ್ಲದುದು ಗ್ರಹಚಾರವೆಂದೋ ಗಾಳಿಯೆಂದೋ ಮನೆಯ ಒಳಕೋಣೆಯಲ್ಲಿ ಉಳಿಯಿತು.

ಹೆಸರು ಬಂದುದು ಇಪ್ಪತ್ತನೆಯ ಶತಮಾನದಲ್ಲಿ. 'ತಾನು' ಎಂಬ ಅರ್ಥದ ಗ್ರೀಕ್ ಮಾತಿನಿಂದ 'ಆಟಿಸಂ' ಎಂಬ ಪದವನ್ನು ಸ್ವಿಟ್ಜರ್ಲೆಂಡಿನ ವೈದ್ಯ ಬ್ಲೂಲರ್ ೧೯೧೧ರ ಹೊತ್ತಿಗೆ ಬಳಸಿದ್ದನು. ಆದರೆ ಅದು ದೊಡ್ಡವರ ಬೇರೊಂದು ಮನೋರೋಗದ ಲಕ್ಷಣವನ್ನು ಕುರಿತದ್ದು. ಮಕ್ಕಳಲ್ಲಿ ಇದನ್ನು ಪ್ರತ್ಯೇಕವಾಗಿ ಗುರುತಿಸಿ, ಹನ್ನೊಂದು ಮಕ್ಕಳ ವೃತ್ತಾಂತವನ್ನು ೧೯೪೩ರಲ್ಲಿ ಪ್ರಕಟಿಸಿದವನು ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಲಿಯೋ ಕ್ಯಾನರ್. ಕನ್ನಡದಲ್ಲಿ ನಾವು 'ಸ್ವಲೀನತೆ' ಎನ್ನುತ್ತೇವೆ. ಪದ ಸೊಗಸಾಗಿದೆ, ಅರ್ಥ ಮಾತ್ರ ಸ್ವಲ್ಪ ದಾರಿ ತಪ್ಪಿಸುತ್ತದೆ. ಈ ಮಗು ತನ್ನಲ್ಲಿಯೇ ಲೀನವಾಗಿ ಕುಳಿತಿಲ್ಲ. ಲೋಕದ ಶಬ್ದವೂ ಬೆಳಕೂ ಮಾತೂ ಅದಕ್ಕೆ ನಮಗಿಂತ ಬೇರೆ ಬಗೆಯಾಗಿ ಮುಟ್ಟುತ್ತವೆ, ಅಷ್ಟೆ.

ಕ್ಯಾನರನ ಮೊದಲನೆಯ ಹುಡುಗ ಡೊನಾಲ್ಡ್ ಟ್ರಿಪ್ಲೆಟ್ಟನ ಕಥೆಯನ್ನು ನಮ್ಮ ಹಳ್ಳಿಗಳು ಕೇಳಬೇಕು. ೧೯೩೩ರಲ್ಲಿ ಮಿಸಿಸಿಪ್ಪಿ ಸಂಸ್ಥಾನದ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವನು. ವೈದ್ಯರ ಸಲಹೆಯಂತೆ ಮೂರು ವರ್ಷದ ಕೂಸನ್ನು ದೂರದ ಸಂಸ್ಥೆಯೊಂದರಲ್ಲಿ ಬಿಟ್ಟಿದ್ದರು. ಒಂದು ವರ್ಷದ ಮೇಲೆ ತಾಯಿತಂದೆಗಳು ಮನಸ್ಸು ತಡೆಯದೆ ಮರಳಿ ತಂದರು. ಬಳಿಕ ಒಂಬತ್ತು ವರ್ಷದ ಹುಡುಗನನ್ನು ಸಮೀಪದ ಒಬ್ಬ ಒಕ್ಕಲಿಗ ದಂಪತಿಗಳ ಮನೆಯಲ್ಲಿರಿಸಿದರು. ಅವರು ಮನಶ್ಶಾಸ್ತ್ರ ಓದಿದವರಲ್ಲ. ಆದರೆ ಹುಡುಗನಿಗೆ ಅಳತೆಯ ಹುಚ್ಚೆಂಬುದನ್ನು ಕಂಡು, ಬಾವಿ ತೋಡಿ ಅದರ ಆಳವನ್ನು ಅಳೆದು ಹೇಳೆಂದರು. ಸತ್ತ ಹಕ್ಕಿಗಳನ್ನೂ ಹುಳುಗಳನ್ನೂ ಅವನು ಆಯ್ದು ತರುತ್ತಿದ್ದಾಗ ಗದರದೆ, ಅವಕ್ಕೆ ಮಸಣ ಮಾಡೆಂದು ತುಂಡು ನೆಲ ಕೊಟ್ಟರು. ಜೋಳದ ಸಾಲುಗಳನ್ನು ಎಣಿಸುತ್ತಲೇ ಅವನು ಉಳುವುದನ್ನು ಕಲಿತನು. ಮುಂದೆ ಓದಿ, ಊರಿನ ಬ್ಯಾಂಕಿನಲ್ಲಿ ದೀರ್ಘಕಾಲ ಕೆಲಸ ಮಾಡಿ, ೨೦೨೩ರಲ್ಲಿ ೮೯ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ಮನೆಯವರು ಸ್ಥಿತಿವಂತರೆಂಬುದು ನಿಜ, ಆ ಬ್ಯಾಂಕಿನೊಡನೆ ಅವರಿಗೆ ನಂಟಿತ್ತೆಂಬುದೂ ನಿಜ. ಆದರೆ ಅವನ ವಿಚಿತ್ರವನ್ನು ಊರು ಊರಿನ ಒಂದು ಗುಣವೆಂಬಂತೆ ಒಪ್ಪಿಕೊಂಡುದು ಹಣದಿಂದ ಬಂದುದಲ್ಲ.

ಇಂಥ ಊರುಗಳು ವಿರಳ. ಆ ಕಾಲದ ಹಲವು ಪಂಡಿತರು ತಾಯಿಯ ಮನಸ್ಸು ತಣ್ಣಗಿದ್ದುದರಿಂದಲೇ ಮಗು ಹೀಗಾಯಿತೆಂದು ಸಾರಿದರು. ದುಃಖದ ಮೇಲೆ ಅಪವಾದವೂ ಬಿದ್ದಿತು. ಇದನ್ನು ಮೊದಲು ಎದುರಿಸಿದವರು ಹೆತ್ತವರೇ. ೧೯೬೨ರಲ್ಲಿ ಇಂಗ್ಲೆಂಡಿನ ಕೆಲವು ತಾಯಿತಂದೆಗಳು ಕೂಡಿ ಒಂದು ಸಂಘ ಕಟ್ಟಿದರು. ಅವರಲ್ಲಿ ಲೋರ್ನಾ ವಿಂಗ್ ಎಂಬಾಕೆ ಸ್ವತಃ ಮನೋವೈದ್ಯೆ, ಇಂಥದೇ ಮಗಳ ತಾಯಿ. ಅಮೆರಿಕದ ಹೆತ್ತವರು ೧೯೬೫ರಲ್ಲಿ ಅದೇ ದಾರಿ ಹಿಡಿದರು. ೧೯೭೭ರಲ್ಲಿ ೨೧ ಜೋಡಿ ಅವಳಿಗಳನ್ನು ಪರೀಕ್ಷಿಸಿದ ಫೋಲ್‌ಸ್ಟೀನ್ ಮತ್ತು ರಟ್ಟರ್ ಎಂಬವರು ಇದರಲ್ಲಿ ಹುಟ್ಟುಗುಣದ ಪಾತ್ರ ದೊಡ್ಡದೆಂದು ತೋರಿಸಿಕೊಟ್ಟರು. ತಾಯಿಯ ಮೇಲಿನ ಅಪವಾದಕ್ಕೆ ಶಾಸ್ತ್ರದಲ್ಲಿ ಎಡೆಯಿಲ್ಲದಾಯಿತು. ನಮ್ಮ ಹಟ್ಟಿಯಲ್ಲಿ ಅದು ಇನ್ನೂ ತೊಲಗಿಲ್ಲ.

ಭಾರತದಲ್ಲಿಯೂ ಕಥೆ ಹೀಗೆಯೇ ನಡೆಯಿತು. ದೆಹಲಿಯಲ್ಲಿ ೧೯೯೧ರಲ್ಲಿ ಮೆರ್ರಿ ಬರುವಾ ಎಂಬ ತಾಯಿ 'ಆಕ್ಷನ್ ಫಾರ್ ಆಟಿಸಂ' ಸಂಸ್ಥೆಗೆ ಕಾರಣಳಾದಳು. ೧೯೯೫ರಲ್ಲಿ ಅಂಗವಿಕಲರ ಹಕ್ಕಿಗಾಗಿ ಕಾನೂನು ಬಂದಾಗ ಅದರ ಪಟ್ಟಿಯಲ್ಲಿ ಸ್ವಲೀನತೆ ಇರಲಿಲ್ಲ. ನಾನು ಆ ಹುಡುಗನನ್ನು ಮನೆಗೆ ಕಳುಹಿಸಿದುದು ಅದರ ಮರುವರ್ಷ. ಕಾನೂನಿಗೇ ತಿಳಿಯದುದು ಬಡ ಮೇಷ್ಟರಿಗೆ ಹೇಗೆ ತಿಳಿದೀತೆಂದು ನಾನು ಸಮಾಧಾನ ಹೇಳಿಕೊಳ್ಳಬಹುದಾಗಿತ್ತು. ಆದರೆ ಆ ಹುಡುಗನ ಹಿಂದಿನ ಪ್ರಾಥಮಿಕ ಶಾಲೆಯ ಮೇಡಮ್ಮನವರಿಗೂ ಕಾನೂನು ತಿಳಿದಿರಲಿಲ್ಲ. ಅವರು ಏಳು ವರ್ಷ ಅವನನ್ನು ಬಾಗಿಲ ಬಳಿ ಕೂರಿಸಿಕೊಂಡು ನಡೆಸಿದ್ದರು. ೧೯೯೯ರ ರಾಷ್ಟ್ರೀಯ ನ್ಯಾಸ ಅಧಿನಿಯಮ ಸ್ವಲೀನತೆಯನ್ನು ಹೆಸರಿಸಿತು. ೨೦೧೬ರ ಅಧಿನಿಯಮವು ೨೧ ಬಗೆಯ ವೈಕಲ್ಯಗಳಲ್ಲಿ ಅದನ್ನು ಸೇರಿಸಿತು. ಬಳ್ಳಿಗಾವೆಯ ಪಟ್ಟಿಯಲ್ಲಿಲ್ಲದ ಮಗುವಿಗೆ ಎಂಟುನೂರೈವತ್ತು ವರ್ಷಗಳ ಮೇಲೆ ಸ್ಥಳ ದೊರೆಯಿತು.

ಕರ್ನಾಟಕದ ಭಾಗ್ಯವೆಂದರೆ, ಈ ಮಕ್ಕಳನ್ನು ಬಲ್ಲವರು ನಮ್ಮಲ್ಲಿಯೇ ಇದ್ದಾರೆ. ಬೆಂಗಳೂರಿನಲ್ಲಿ ೧೯೫೪ರಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಂಸ್ಥೆ ೧೯೭೪ರಿಂದ ನಿಮ್ಹಾನ್ಸ್ ಆಗಿದೆ. ಮೈಸೂರಿನಲ್ಲಿ ೧೯೬೦ರ ದಶಕದಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅರಸೀಕೆರೆ ಜಂಕ್ಷನ್ನಿನಿಂದ ಎರಡೂ ಊರಿಗೆ ರೈಲುಂಟು. ಪರೀಕ್ಷೆಗೆ, ಸಲಹೆಗೆ ಅಲ್ಲಿಗೆ ಹೋಗಲೇಬೇಕು. ಆದರೆ ವರ್ಷಕ್ಕೆ ಎರಡು ಸಲ ಹೋಗಿಬಂದ ಮೇಲೆ ಉಳಿದ ಮುನ್ನೂರ ಅರವತ್ತು ದಿನ ಮಗು ಇರುವುದು ಊರಿನಲ್ಲಿ. ಆ ದಿನಗಳ ಸಂಗಾತಿ ಯಾರು?

ಸಂಗಾತಿಗಳು ಇದ್ದಾರೆ, ಚದುರಿಹೋಗಿದ್ದಾರೆ. ಅಂಗನವಾಡಿಯ ಕಾರ್ಯಕರ್ತೆಗೆ ಮಾತು ಬರದ ಒಂದು ಕೂಸು ಗೊತ್ತು. ಆಶಾ ಕಾರ್ಯಕರ್ತೆಗೆ ಇನ್ನೊಂದು ಗೊತ್ತು. ಗ್ರಾಮ ಪಂಚಾಯತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂಬವರಿದ್ದಾರೆ. ಸ್ವತಃ ವೈಕಲ್ಯವುಳ್ಳವರನ್ನೇ ಈ ಕೆಲಸಕ್ಕೆ ಆರಿಸುವುದರಿಂದ ಮನೆಯ ನೋವು ಅವರಿಗೆ ವಿವರಿಸಿ ಹೇಳಬೇಕಾದುದಿಲ್ಲ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಮಕ್ಕಳಿಗಾಗಿಯೇ ನೇಮಕವಾದ ಶಿಕ್ಷಕರಿದ್ದಾರೆ. ಇವರೆಲ್ಲ ಒಂದೊಂದು ಮನೆಯನ್ನು ಬಲ್ಲರು. ಆದರೆ ಆ ಮನೆಗಳು ಒಂದನ್ನೊಂದು ಅರಿಯವು. ತಿಂಗಳಿಗೊಮ್ಮೆ, ಶಾಲೆ ಬಿಟ್ಟ ಮೇಲೆ ಒಂದು ಕೊಠಡಿಯ ಬೀಗ ತೆಗೆದು ಈ ನಾಲ್ಕಾರು ತಾಯಂದಿರನ್ನು ಕೂರಿಸಿದರೆ ಸಾಕು, ಕೆಲಸಕ್ಕೆ ಮೊದಲಾಯಿತು. ಇವಳ ಮಗು ಯಾವ ಸದ್ದಿಗೆ ಹೆದರಿತು, ಅವಳ ಮಗು ಊಟವನ್ನು ಹೇಗೆ ಕಲಿತಿತು, ಗುರುತಿನ ಚೀಟಿಗೆ ಎಲ್ಲಿ ಅರ್ಜಿ ಕೊಡಬೇಕು ಎಂಬುದನ್ನು ಮತ್ತೊಬ್ಬ ತಾಯಿಯಷ್ಟು ಚೆನ್ನಾಗಿ ಹೇಳುವವರು ಯಾರಿದ್ದಾರೆ?

ಉಳಿದವರಿಗೂ ಕೆಲಸವುಂಟು. ಕ್ಷೌರಿಕನು ಆ ಮಗುವಿಗೆ ಜನವಿಲ್ಲದ ಹೊತ್ತನ್ನು ಹೇಳಲಿ. ಮಹಾಮಂಗಳಾರತಿಯ ನಗಾರಿಗೆ ಮೊದಲೇ ಅರ್ಚಕರು ದರ್ಶನ ಮಾಡಿಸಲಿ. ಮದುವೆಗೆ ಕರೆಯುವವರು "ಮಗುವನ್ನೂ ಕರೆತನ್ನಿ" ಎನ್ನಲಿ. ಈ ಒಂದು ಮಾತನ್ನು ವರ್ಷಗಟ್ಟಲೆ ಕೇಳದ ಮನೆಗಳಿವೆ. ಬಸ್ಸಿನಲ್ಲಿ ಮಗು ಕೂಗಿದರೆ ತಾಯಿಯ ಮುಖವನ್ನು ನೋಡದಿರುವುದೂ ಒಂದು ಉಪಕಾರವೇ.

ಕೆಲವು ವರ್ಷಗಳ ಹಿಂದೆ ಅರಸೀಕೆರೆಯ ರೈಲು ನಿಲ್ದಾಣದಲ್ಲಿ ಆ ಹುಡುಗನ ತಾಯಿ ಸಿಕ್ಕಿದರು. ತಂದೆ ತೀರಿಕೊಂಡಿದ್ದರು. ಮಗ ಪಕ್ಕದಲ್ಲಿ ನಿಂತಿದ್ದ. ಗಡ್ಡ ಬಂದಿತ್ತು, ಕೈ ನಿಲ್ದಾಣದ ಕಂಬವನ್ನು ತಡವುತ್ತಿತ್ತು. ಆಕೆ ಹಳೆಯದನ್ನು ಆಡಲಿಲ್ಲ. "ಮೇಷ್ಟ್ರೇ, ನಾನು ಹೋದ ಮೇಲೆ ಇವನಿಗೆ ಯಾರು?" ಎಂದು ಮಾತ್ರ ಕೇಳಿದರು. ಆ ದಿನ ನಾನು ತಲೆ ತಗ್ಗಿಸಿದೆ. ಈಗ ಅರ್ಧ ಉತ್ತರ ತಿಳಿದಿದೆ. ಹದಿನೆಂಟು ದಾಟಿದವರಿಗೆ ಪೋಷಕರನ್ನು ನೇಮಿಸಲು ೧೯೯೯ರ ಅಧಿನಿಯಮದಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಸ್ಥಳೀಯ ಸಮಿತಿಯುಂಟು. ಅರ್ಜಿ ಬರೆದುಕೊಟ್ಟು ಜೊತೆಯಲ್ಲಿ ಹಾಸನಕ್ಕೆ ಹೋಗಿಬಂದೆ. ಆದರೆ ಸಮಿತಿ ಕಾಗದದ ಮೇಲೆ ಒಂದು ಹೆಸರನ್ನು ಬರೆಯಬಲ್ಲುದು. ಆ ಹೆಸರಿನವರು ಊರಿನಿಂದಲೇ ಬರಬೇಕು. ಉತ್ತರದ ಉಳಿದರ್ಧ ಅದು. ಅದನ್ನು ಬರೆಯಬೇಕಾದವರು ನಾವು.